ಗೀಚಿದ ಹೆಸರು

ಚಂದಾಪುರ
೧೮ ಜೂನ್ ೨೦೦೭, ಸೋಮವಾರ

ಜಯತೀರ್ಥ ಕಾಕಾ ಅವರಿಗೂ ಕಾಕುಗೂ ಶುಭಾಳ ನಮಸ್ಕಾರಗಳು.

ಫೋನಿನಲ್ಲಿ ಮಾತಾಡಿದರೆ ನಿಮಗೆ ಸರಿಯಾಗಿ ಕೇಳಿಸುವುದಿಲ್ಲ. ನಾನು ಕೂಗಿ ಹೇಳಿದರೆ ಮನೆ ಮಾಲಕರ ಪಡಸಾಲೆಗೆಲ್ಲ ಕೇಳಿಸುತ್ತದೆ. ಅದಕ್ಕೇ ಈ ಕಾಗದ.

ಶಾಲೆ ಶುರುವಾಗಿ ಮೂರು ವಾರವಾಯಿತು. ದಿನವೂ ಎಂಟೂವರೆಯ ಬಸ್ಸಿಗೆ ಚಿಮ್ಮನಚೋಡಕ್ಕೆ ಹೋಗುತ್ತೇನೆ. ಪ್ರಮಿತಾ ಈಗ ಮೂರನೇ ಇಯತ್ತೆ. ಇವರು ಮೊದಲಿನ ಹಾಗೆಯೇ ಸೇಡಂ ಹತ್ತಿರದ ಕೋಡ್ಲಾ ಕಾರ್ಖಾನೆಯಿಂದ ಶನಿವಾರ ಸಂಜೆ ಬಂದು ಸೋಮವಾರ ನಸುಕಿನ ಬಸ್ಸಿಗೆ ಹೋಗುತ್ತಾರೆ. ಆಗಸ್ಟ್ ಒಂಬತ್ತಕ್ಕೆ ವರ್ಗಾವಣೆಯ ಕೌನ್ಸೆಲಿಂಗ್ ಇದೆ. ಪಟ್ಟಿಯಲ್ಲಿ ನನ್ನ ಹೆಸರು ಮೇಲೆಯೇ ಇದೆ. ಸೇಡಂ ತಾಲೂಕು ಸಿಕ್ಕರೆ ಆರು ವರ್ಷದ ಮೇಲೆ ಮೂವರೂ ಒಂದೇ ಮನೆಯಲ್ಲಿರಬಹುದು.

ನಿಮ್ಮನ್ನು ಕಾನೂನಿನ ಒಂದು ಮಾತು ಕೇಳಬೇಕಾಗಿದೆ. ನಮ್ಮ ಪರಿಚಯದ ಒಬ್ಬರಿದ್ದಾರೆ. ಸರಕಾರಿ ನೌಕರಿ, ಮರ್ಯಾದಸ್ತ ಮನೆ. ಅವರು ಹತ್ತು ದಿನದ ಕೆಳಗೆ ಇಲ್ಲಿಯ ಇಂಟರ್ನೆಟ್ ಅಂಗಡಿಯಲ್ಲಿ ತಮ್ಮ ಕೆಲಸಕ್ಕೆಂದು ಕುಳಿತಾಗ ಕಂಪ್ಯೂಟರಿನಲ್ಲಿ ನೋಡಬಾರದ್ದೊಂದು ಕಂಡಿತಂತೆ. ಭಾಳ ಕೆಟ್ಟದ್ದು. ಎಂಥದ್ದೆಂದು ಬರೆಯಲು ನನಗೆ ಕೈ ಬರುವುದಿಲ್ಲ. ಅವರು ಅದನ್ನು ನೋಡಿದ್ದಾರೆ. ಆ ಅಂಗಡಿಯಲ್ಲಿ ಒಂದು ರಜಿಸ್ಟರ್ ಇಟ್ಟಿರುತ್ತಾರೆ. ಬಂದವರ ಹೆಸರು, ವಿಳಾಸ, ಎಷ್ಟು ಗಂಟೆಗೆ ಯಾವ ಕಂಪ್ಯೂಟರಿಗೆ ಕುಳಿತರು, ಎಲ್ಲ ಬರೆದು ಸಹಿ ಹಾಕಬೇಕು. ಅವರೂ ಹಾಕಿದ್ದಾರೆ. ಈಗ, ನೋಡಿದ್ದೇ ಅಪರಾಧವಾಗುತ್ತದೇನೋ, ಪೊಲೀಸರು ಹುಡುಕಿಕೊಂಡು ಬರುತ್ತಾರೇನೋ ಎಂದು ಅವರಿಗೆ ಊಟ ಸೇರದಂತಾಗಿದೆ. ಜೀಪಿನ ಸಪ್ಪಳ ಕೇಳಿದರೆ ಒಳಗೆ ಹೋಗಿ ನಿಲ್ಲುತ್ತಾರಂತೆ.

ನೋಡಿದವರಿಗೆ ಶಿಕ್ಷೆ ಇದೆಯೇ? ನೌಕರಿಗೆ ತೊಂದರೆಯಾಗುತ್ತದೆಯೇ? ತಿಳಿದವರನ್ನು ಕೇಳಿಯಾದರೂ ಬರೆಯಿರಿ. ನಾನು ಕೇಳಿದೆನೆಂದು ಯಾರಿಗೂ ಹೇಳಬೇಡಿ.

ನಿಮ್ಮ
ಶುಭಾ


ಚಿತ್ತಾಪುರ
೨೩ ಜೂನ್ ೨೦೦೭

ಚಿ. ಸೌ. ಶುಭಾಗೆ ನಮ್ಮಿಬ್ಬರ ಆಶೀರ್ವಾದ.

ನಿನ್ನ ಕಾಗದ ಗುರುವಾರ ಕೈಸೇರಿತು. ನಾನು ಶಿರಸ್ತೇದಾರನಾಗಿ ನಿವೃತ್ತನಾದದ್ದು ೧೯೯೮ರಲ್ಲಿ. ಕಂಪ್ಯೂಟರಿನ ಕಾಯ್ದೆ ಬಂದದ್ದು ಅದರ ಎರಡು ವರ್ಷದ ಮೇಲೆ. ಹಾಗಾಗಿ ನನ್ನ ತಲೆಯಲ್ಲಿ ಇರುವ ಕಾನೂನು ಇದಕ್ಕೆ ಸಾಲದು. ನಿನ್ನೆ ಕೋರ್ಟಿಗೆ ಹೋಗಿ ವಕೀಲ ಗುರುಲಿಂಗಯ್ಯನವರನ್ನು ಕೇಳಿದೆ. ಹೆಸರು ಹೇಳಲಿಲ್ಲ. ನನಗೂ ಹೆಸರು ಗೊತ್ತಿಲ್ಲವಷ್ಟೆ.

ಅವರು ಪುಸ್ತಕ ತೆಗೆದು ಓದಿ ಹೇಳಿದ್ದು ಇದು. ಅಶ್ಲೀಲವಾದದ್ದನ್ನು ಪ್ರಕಟಿಸಿದವನಿಗೆ ಮತ್ತು ಕಳಿಸಿದವನಿಗೆ ಶಿಕ್ಷೆ ಇದೆ. ಬರೇ ಕಂಡವನ ಮಾತು ಅದರಲ್ಲಿ ಇಲ್ಲ. ಆ ನಿನ್ನ ಪರಿಚಯದವರು ಅದನ್ನು ತಮ್ಮ ಹತ್ತಿರ ಇಟ್ಟುಕೊಂಡಿಲ್ಲ, ಇನ್ನೊಬ್ಬರಿಗೆ ಕಳಿಸಿಲ್ಲ, ದುಡ್ಡು ಕೊಟ್ಟು ನೋಡಿಲ್ಲ ಎಂದಾದರೆ ಸುಮ್ಮನೆ ಮನೆಯಲ್ಲಿರಲಿ. ಯಾರ ಮುಂದೂ ಬಾಯಿ ಬಿಡುವುದು ಬೇಡ. ಕೇಳದವರಿಗೆ ಉತ್ತರ ಹೇಳಲು ಹೋಗಿ ಕೆಟ್ಟವರನ್ನು ನಾನು ಭಾಳ ಕಂಡಿದ್ದೇನೆ.

ಒಂದು ಎಚ್ಚರಿಕೆ. ರಜಿಸ್ಟರಿನಲ್ಲಿ ಹೆಸರಿದ್ದರೆ ಇರಲಿ. ಅದನ್ನು ತಿದ್ದುವ, ಹರಿಯುವ ಕೆಲಸಕ್ಕೆ ಮಾತ್ರ ಕೈ ಹಾಕಬಾರದು. ಇಲ್ಲದ ಅಪರಾಧ ಆಗ ಹುಟ್ಟುತ್ತದೆ.

ಇನ್ನು ಈ ಮಾತನ್ನು ಕಾಕಾ ಎಂಬ ಸಲಿಗೆಯಿಂದ ಬರೆಯುತ್ತಿದ್ದೇನೆ. ಮೂವತ್ತು ವರ್ಷ ಕೋರ್ಟಿನ ಕಟ್ಟೆಯ ಮೇಲೆ ಹೆಣ್ಣುಮಕ್ಕಳು ಬಂದು "ನಮ್ಮ ಪೈಕಿ ಒಬ್ಬರಿದ್ದಾರ್ರಿ" ಎಂದು ಕೇಳಿದ್ದನ್ನು ಕೇಳಿದ್ದೇನೆ. ಆ ಒಬ್ಬರು ಯಾರೆಂದು ನಾನು ಕೇಳುತ್ತಿರಲಿಲ್ಲ, ನಿನಗೂ ಕೇಳುವುದಿಲ್ಲ. ಮನುಷ್ಯ ವಾರಕ್ಕೆ ಐದು ದಿವಸ ಹೆಂಡತಿ ಮಕ್ಕಳನ್ನು ಬಿಟ್ಟು ಇದ್ದರೆ ಮನಸ್ಸು ಒಂದೊಂದು ಕಡೆ ಹೋಗುತ್ತದೆ. ಅದನ್ನು ದೊಡ್ಡದು ಮಾಡಬಾರದು. ನೀನು ತಿಳಿದವಳು.

ಕಾಕು ಮೆಂತ್ಯದ ಹಿಟ್ಟು ಬೀಸಿ ಇಟ್ಟಿದ್ದಾಳೆ. ಯಾರಾದರೂ ಆ ಕಡೆ ಹೋಗುವವರಿದ್ದರೆ ಕಳಿಸುತ್ತೇವೆ.

ಇತಿ
ಜಯತೀರ್ಥ


ಚಂದಾಪುರ
೨ ಜುಲೈ ೨೦೦೭

ಕಾಕಾ ಅವರಿಗೆ ನಮಸ್ಕಾರ.

ನಿಮ್ಮ ಕಾಗದ ಓದಿ ಎರಡು ದಿನ ಸಮಾಧಾನವಿತ್ತು. ಆಮೇಲೆ ಇಲ್ಲಿ ಬೇರೆಯೇ ನಡೆಯಿತು.

ಗುರುವಾರ ಮಧ್ಯಾಹ್ನ ಗುಲಬರ್ಗಾದಿಂದ ಪೊಲೀಸರು ಬಂದು ಇಂಟರ್ನೆಟ್ ಅಂಗಡಿಯ ಬಾಗಿಲು ಹಾಕಿಸಿದರು. ನಾಲ್ಕನೇ ನಂಬರಿನ ಕಂಪ್ಯೂಟರಿನ ಡಬ್ಬಿ ಮತ್ತು ರಜಿಸ್ಟರ್ ಒಯ್ದರಂತೆ. ಅಂಗಡಿ ನಡೆಸುವವನು ತಾಹಿರ್ ಎಂದು, ಇಪ್ಪತ್ತಾರು ವರ್ಷದವನು. ಹೈಸ್ಕೂಲಿನಲ್ಲಿ ಎರಡು ವರ್ಷ ನನ್ನ ಹತ್ತಿರ ವಿಜ್ಞಾನ ಓದಿದ್ದಾನೆ. ಅವನನ್ನು ಈಗ ದಿನಾ ಠಾಣೆಗೆ ಕರೆಸುತ್ತಾರೆ. ಆ ಕೆಟ್ಟ ವಿಡಿಯೋವನ್ನು ಯಾರೋ ಆ ಅಂಗಡಿಯಿಂದಲೇ ಇಂಟರ್ನೆಟ್ಟಿಗೆ ಹಾಕಿದ್ದಾರೆಂದು ಪೊಲೀಸರಿಗೆ ಗೊತ್ತಾಗಿದೆ. ಯಾರೋ ಗುಲಬರ್ಗಾದಲ್ಲಿ ಅದನ್ನು ಕಂಡು ದೂರು ಕೊಟ್ಟಿದ್ದರಂತೆ.

ಆ ಪರಿಚಯದವರು ಒಂದು ತಪ್ಪು ಮಾಡಿದ್ದಾರೆ ಕಾಕಾ. ನೀವು ಬೇಡವೆಂದು ಬರೆದದ್ದನ್ನು ಅವರು ಮೊದಲೇ ಮಾಡಿ ಮುಗಿಸಿದ್ದರು. ಶನಿವಾರ ನೋಡಿದ್ದು, ಸೋಮವಾರವೇ ಅಂಗಡಿಗೆ ಹೋಗಿ, "ನನ್ನ ಹೆಸರು ತೆಗೆದುಬಿಡಪ್ಪ" ಎಂದಿದ್ದಾರೆ. ಅವನು ಯಾಕೆ, ಏನು ಎಂದು ಒಂದು ಮಾತು ಕೇಳದೆ ಪೆನ್ನು ತೆಗೆದುಕೊಂಡು ಕಾಣದಂತೆ ಗೀಚಿದ್ದಾನೆ. ಆ ಹೊತ್ತಿಗೆ ಆ ಕಂಪ್ಯೂಟರಿನ ಮುಂದೆ ಬೇರೆ ಯಾರ ಹೆಸರೂ ಬರೆದಿಲ್ಲವಂತೆ, ಅದಕ್ಕೇ ಈಗ ಪೊಲೀಸರು ಆ ಗೀಚಿದ ಸಾಲಿನ ಮೇಲೆ ಬೆರಳಿಟ್ಟು ಕುಳಿತಿದ್ದಾರೆ. ಇವನ್ಯಾರು, ಯಾಕೆ ಮುಚ್ಚಿಟ್ಟಿ ಎಂದು ಕೇಳುತ್ತಿದ್ದಾರೆ.

ಇದಕ್ಕೆ ಏನು ಶಿಕ್ಷೆ? ಗೀಚಿದವನಿಗೋ, ಗೀಚಿಸಿದವರಿಗೋ? ಪೆನ್ನಿನಿಂದ ಹೊಡೆದು ಹಾಕಿದ ಅಕ್ಷರವನ್ನು ಪೊಲೀಸರು ಯಂತ್ರದಿಂದ ಓದುತ್ತಾರೆಂದು ನಮ್ಮ ಹೆಡ್ ಮಾಸ್ತರರು ಸ್ಟಾಫ್ ರೂಮಿನಲ್ಲಿ ಹೇಳುತ್ತಿದ್ದರು. ಖರೇ ಏನು?

ಬೇಗ ಬರೆಯಿರಿ.

ಶುಭಾ


ಚಿತ್ತಾಪುರ
೬ ಜುಲೈ ೨೦೦೭

ಚಿ. ಶುಭಾಗೆ ಆಶೀರ್ವಾದ. ಇದು ಕಾರ್ಡು, ನಾಲ್ಕು ಜನ ಓದುವಂಥದ್ದು. ವಿವರ ಬರೆಯುವುದಿಲ್ಲ. ನೀನು ಧೈರ್ಯವಾಗಿರು. ಮನೆಯಲ್ಲಿ ಮಾತಿಗೆ ಮಾತು ಬೆಳೆಸಬೇಡ, ಕಣ್ಣೀರು ಹಾಕಬೇಡ. ಬುಧವಾರ ಪ್ಯಾಸೆಂಜರ್ ಗಾಡಿಗೆ ಸೇಡಂಗೆ ಹೋಗಿ, ಅಲ್ಲಿಂದ ಕೋಡ್ಲಾಕ್ಕೆ ಹೋಗಿ, ಮಾತಾಡಬೇಕಾದವರ ಹತ್ತಿರ ನಾನೇ ಮಾತಾಡುತ್ತೇನೆ. ಗಂಡಸರಿಗೆ ಗಂಡಸರು ಹೇಳಿದರೆ ತಿಳಿಯುತ್ತದೆ.
ಜ.


ಚಂದಾಪುರ
೧೬ ಜುಲೈ ೨೦೦೭

ಕಾಕಾ ಅವರಿಗೆ ಶುಭಾಳ ನಮಸ್ಕಾರ.

ಇವರು ಶನಿವಾರ ಬಂದರು. ಚಪ್ಪಲಿ ಕಳೆಯುವ ಮೊದಲೇ ಬಾಗಿಲಲ್ಲಿ ನಿಂತು ಕೇಳಿದರು.

"ಶುಭಾ, ನಾ ಏನು ನೋಡೀನಂತ?"

"ಏನಾತ್ರಿ?" ಅಂದೆ.

"ನಿಮ್ಮ ಕಾಕಾ ಕ್ಯಾಂಟೀನಿಗೆ ಬಂದು ನನ್ನ ಮುಂದ ಕೂಡಿಸ್ಕೊಂಡು ಒಂದು ತಾಸು ಬುದ್ಧಿ ಹೇಳಿ ಹೋದ್ರು. 'ಮನಸ್ಸು ಮಂಗ್ಯಾ ಇದ್ದಂಗ ಶ್ರೀರಾಮ, ದಿನಾ ಸಂಧ್ಯಾವಂದನಿ ಮಾಡು, ಆ ಕಂಪ್ಯೂಟರ್ ಅಂಗಡಿ ಕಡಿ ಹೋಗಬ್ಯಾಡ' ಅಂದ್ರು. ಹಿರೇರು, ಏನಂತ ಅನ್ನಲಿ? ಹೂಂ ಹೂಂ ಅಂದೆ. ಬಾಜೂಕ ಲಾರಿ ತೂಗೋ ಕಾಟಾದ ಹುಡುಗರು ಕೂತು ಕೇಳಾಕತ್ತಿದ್ರು."

ಒಂದು ತಿಂಗಳ ಮೇಲೆ ನನಗೆ ನಗು ಬಂತು ಕಾಕಾ. ನಗುನಗುತ್ತ ಅಳು ಬಂತು. ಪ್ರಮಿತಾ ಹೆದರಿ ಮನೆ ಮಾಲಕರ ಮನೆಗೆ ಓಡಿದಳು. ಆಮೇಲೆ ಇವರಿಗೆ ಎಲ್ಲ ಹೇಳಿದೆ. ಈಗ ನಿಮಗೆ ಹೇಳುತ್ತೇನೆ.

ಆ ಪರಿಚಯದವರು ಯಾರೂ ಇಲ್ಲ. ಅದು ನಾನೇ. ನೀವು ತಿಳಿದುಕೊಂಡಂಥ ಚಿತ್ರವೂ ಅದಲ್ಲ.

ಜೂನ್ ಒಂಬತ್ತು, ಶನಿವಾರ, ಅರ್ಧ ದಿನದ ಶಾಲೆ. ವರ್ಗಾವಣೆಯ ಪಟ್ಟಿ ನೋಡಲೆಂದು ತಾಹಿರನ ಅಂಗಡಿಗೆ ಹೋದೆ. ನಾಲ್ಕನೇ ಕಂಪ್ಯೂಟರಿನ ಮುಂದೆ ಒಬ್ಬ ಕುಳಿತಿದ್ದ. ಮೂವತ್ತರ ಆಸುಪಾಸಿನವನು, ಬಿಳಿ ಬೂಟು, ಕೈಯಲ್ಲಿ ದೊಡ್ಡ ಮೊಬೈಲು. ನನ್ನನ್ನು ಕಂಡು ಎದ್ದು, "ಕುಂದ್ರಿ ಅಕ್ಕೋರ, ನಂದು ಮುಗೀತು" ಎಂದು ನಗುತ್ತ ಹೋದ. ಕುಳಿತೆ. ಅವನು ತೆರೆದಿಟ್ಟದ್ದು ಹಾಗೆಯೇ ಇತ್ತು. ಮುಚ್ಚಬೇಕೆಂದು ಕೈ ಇಟ್ಟೆ. ನಿಂತ ಚಿತ್ರದಲ್ಲಿ ಒಂದು ಹುಡುಗಿಯ ಮುಖ ಅರ್ಧ ಕಾಣುತ್ತಿತ್ತು. ಎಲ್ಲೋ ಕಂಡ ಹಾಗಿದೆಯಲ್ಲ ಎಂದು ಒತ್ತಿದೆ.

ಶಹಾಬಾದ ಕಲ್ಲಿನ ಫರಸಿ ಹಾಸಿದ ಅಂಗಳ. ಹುಡುಗಿಯನ್ನು ಕಂಬಕ್ಕೆ ಕಟ್ಟಿದ್ದಾರೆ. ಒಬ್ಬ ಬೆಲ್ಟಿನಿಂದ ಹೊಡೆಯುತ್ತಾನೆ. ಇನ್ನೊಬ್ಬ ಮೊಬೈಲಿನಲ್ಲಿ ತೆಗೆಯುತ್ತ ನಗುತ್ತಾನೆ, "ಇನ್ನೊಂದು ಹಾಕು" ಅನ್ನುತ್ತಾನೆ. ಎಲ್ಲ ನಮ್ಮದೇ ಮಾತು. ಇಷ್ಟು ಬರೆದರೆ ಸಾಕು.

ಅದು ಎರಡು ನಿಮಿಷದ್ದು. ಆದರೆ ಇಲ್ಲಿಯ ಇಂಟರ್ನೆಟ್ ನಿಮಗೆ ಗೊತ್ತಿಲ್ಲ. ಒಂದು ಚೂರು ಬರುತ್ತದೆ, ನಿಲ್ಲುತ್ತದೆ, ಚಕ್ರ ತಿರುಗುತ್ತದೆ, ಇನ್ನೊಂದು ಚೂರು ಬರುತ್ತದೆ. ಪೂರ್ತಿ ಬರಲು ಮುಕ್ಕಾಲು ತಾಸು ಹಿಡಿಯಿತು. ಆ ಮುಕ್ಕಾಲು ತಾಸು ನಾನು ಅಲ್ಲಿಯೇ ಕುಳಿತೆ. ಅದು ತಾನಾಗಿ ಕಣ್ಣಿಗೆ ಬಿದ್ದದ್ದಲ್ಲ, ನಾನು ಕಾದು ಕಾದು ನೋಡಿದ್ದು. ಮುಗಿದ ಮೇಲೆ ಇನ್ನೊಂದು ಸಲ ನೋಡಿದೆ. ಆ ನಗುವವನ ದನಿ ನನಗೆ ಈಗಷ್ಟೇ "ಕುಂದ್ರಿ" ಅಂದವನ ದನಿಯ ಹಾಗೆಯೇ ಇತ್ತು. ಅದಕ್ಕೇ ನೋಡಿದೆ ಎಂದು ನನಗೆ ನಾನೇ ಹೇಳಿಕೊಳ್ಳುತ್ತೇನೆ.

ಹುಡುಗಿ ನನಗೆ ಗೊತ್ತು. ಚಿಮ್ಮನಚೋಡದ ಪೀರಪ್ಪನ ಮಗಳು ಜಗದೇವಿ. ಹೋದ ವರ್ಷ ಒಂಬತ್ತನೇ ಇಯತ್ತೆಯಲ್ಲಿ ನನ್ನ ಕ್ಲಾಸಿನಲ್ಲಿದ್ದಳು. ಪೀರಪ್ಪ ಶಹಾಬಾದಿನ ಕಲ್ಲಿನ ಖಣಿಗೆ ಕೆಲಸಕ್ಕೆ ಹೋದಾಗ ಆಕೆಯನ್ನೂ ಕರೆದುಕೊಂಡು ಹೋದ. ಯಾರೋ ಗುತ್ತೇದಾರರ ಮನೆಯಲ್ಲಿ ಕೆಲಸಕ್ಕೆ ಇದ್ದಾಳೆಂದು ಆಕೆಯ ಗೆಳತಿಯರು ಹೇಳಿದ್ದರು.

ನೀವು ಕೇಳಬಹುದು, ಅಂದೇ ಹೋಗಿ ಯಾಕೆ ಹೇಳಲಿಲ್ಲವೆಂದು. ಮೊದಲು ಅನಿಸಿದ್ದು, ಇಂಥದ್ದನ್ನು ಒಬ್ಬ ಹೆಣ್ಣುಮಗಳು, ಅದೂ ಶಿಕ್ಷಕಿ, ಮುಕ್ಕಾಲು ತಾಸು ಯಾಕೆ ನೋಡಿದಳು ಎಂದು ಕೇಳುತ್ತಾರೆ. ಆಮೇಲೆ ಅನಿಸಿದ್ದು, ಕೇಸಿನಲ್ಲಿ ಹೆಸರು ಬಂದರೆ ಕೌನ್ಸೆಲಿಂಗಿನಲ್ಲಿ ತಡೆ ಹಿಡಿಯುತ್ತಾರೆ. ಕಡೆಗೆ, ಆಕೆಯ ಅಪ್ಪ ಅಲ್ಲಿಯೇ ಇದ್ದಾನಲ್ಲ, ಅವನು ನೋಡಿಕೊಳ್ಳುತ್ತಾನೆ ಅಂದುಕೊಂಡೆ. ಹೀಗೆ ಒಂದೊಂದೇ ನೆಪ ಸಿಕ್ಕುತ್ತಾ ಹೋಯಿತು.

ಶುಕ್ರವಾರ ತಾಹಿರನ ತಾಯಿ ಬಿಬಿಜಾನ್ ಮನೆಗೆ ಬಂದಿದ್ದರು. ಬಟ್ಟೆ ಹೊಲಿಯುವವರು, ಪ್ರಮಿತಾಳ ಯೂನಿಫಾರ್ಮ್ ಅವರೇ ಹೊಲಿದದ್ದು. ಕುಂದ್ರಿ ಅಂದರೂ ಕೂಡಲಿಲ್ಲ.

"ಅಕ್ಕೋರ, ನಿಮ್ಮ ಹತ್ರ ಓದಿದ ಹುಡುಗ ಅವ. ಒಂದು ಮಾತು ಠಾಣ್ಯಾದಾಗ ಹೇಳ್ರಿ, ಇವ ಅಂಥವ ಅಲ್ಲ ಅಂತ. ಯಾರ ಹೆಸರು ಗೀಚಿದಿ ಅಂತ ಕೇಳಿದ್ರ, ಮಸಿ ಚೆಲ್ಲಿತ್ರಿ ಅಂತಾನಂತ. ನನಗೂ ಹೇಳವಲ್ಲ. ಬೆಳಗಿನಿಂದ ಸಂಜೀತನಾ ಬೆಂಚಿನ ಮ್ಯಾಲ ಕೂತು ಬರ್ತಾನ. ಊಟಾ ಮಾಡವಲ್ಲ."

"ಹೇಳ್ತೀನವ್ವ" ಅಂದೆ. ಅಂದು ಬಾಗಿಲು ಮುಂದೆ ಮಾಡಿಕೊಂಡೆ.

ಇಷ್ಟೇ ಕಾಕಾ. ಇನ್ನು ನಿಮ್ಮಿಂದ ಮುಚ್ಚಿಟ್ಟದ್ದು ಏನೂ ಉಳಿದಿಲ್ಲ. ಏನು ಮಾಡಲಿ?

ಶುಭಾ


ಚಿತ್ತಾಪುರ
೨೦ ಜುಲೈ ೨೦೦೭

ಚಿ. ಸೌ. ಶುಭಾಗೆ ಆಶೀರ್ವಾದ.

ಶ್ರೀರಾಮನಿಗೆ ಬೇರೆ ಕಾಗದ ಬರೆದು ಕ್ಷಮೆ ಕೇಳಿದ್ದೇನೆ. ಅಳಿಯನ ಮುಂದೆ ಇಷ್ಟು ನಾಚಿಕೆ ನನಗೆ ಎಂದೂ ಆಗಿರಲಿಲ್ಲ. ನಿನ್ನ ಕಾಕು ಎರಡು ದಿನದಿಂದ ನನ್ನ ಮುಖ ಕಂಡರೆ ಸೆರಗು ಬಾಯಿಗೆ ಇಟ್ಟುಕೊಂಡು ಒಳಗೆ ಹೋಗುತ್ತಾಳೆ.

ವಿಷಯಕ್ಕೆ ಬರುತ್ತೇನೆ. ಕೋರ್ಟು ಎಂದರೆ ಏನೆಂದು ನಿನಗೆ ಗೊತ್ತಿಲ್ಲ. ಸಾಕ್ಷಿ ಹೇಳಲು ಬಂದವರನ್ನು ಮೂವತ್ತು ವರ್ಷ ನಾನು ಕೂಗಿ ಕರೆಸಿದ್ದೇನೆ. ಬೆಳಿಗ್ಗೆ ಬಂದವರು ಸಂಜೆ ತಾರೀಖು ತೆಗೆದುಕೊಂಡು ಹೋಗುತ್ತಾರೆ. ಎದುರು ವಕೀಲ ಆರೋಪಿಯನ್ನು ಬಿಟ್ಟು ಸಾಕ್ಷಿಯನ್ನೇ ಆರೋಪಿ ಮಾಡುತ್ತಾನೆ. ಎಷ್ಟು ಹೊತ್ತು ನೋಡಿದಿರಿ, ಯಾಕೆ ನೋಡಿದಿರಿ, ಎರಡನೇ ಸಲ ಯಾಕೆ ನೋಡಿದಿರಿ ಎಂದು ತುಂಬಿದ ಕೋರ್ಟಿನಲ್ಲಿ ಕೇಳುತ್ತಾನೆ. ರಜಿಸ್ಟರ್ ಗೀಚಿಸಿದ್ದು ಬೇರೆ ಇದೆ. ಅದಕ್ಕೆ ನಿಜವಾಗಿಯೂ ಕಲಮು ಇದೆ.

ಆದ್ದರಿಂದ ಆಗಸ್ಟ್ ಒಂಬತ್ತರ ತನಕ ಸುಮ್ಮನಿರು. ಇನ್ನು ಮೂರು ವಾರ. ಸೇಡಂ ಆದೇಶ ಕೈಗೆ ಬರಲಿ. ಆಮೇಲೆ ಗುರುಲಿಂಗಯ್ಯನವರನ್ನು ಕರೆದುಕೊಂಡು ಹೋಗಿ ನಿಧಾನಕ್ಕೆ ಹೇಳಿಕೆ ಕೊಡೋಣ. ಆ ತಾಹಿರನನ್ನು ಪುರಾವೆ ಇಲ್ಲದೆ ಅವರು ಏನೂ ಮಾಡಲಾರರು. ಪೊಲೀಸರು ತಾವಾಗಿಯೇ ಹುಡುಗಿಯನ್ನು ಹುಡುಕುತ್ತಾರೆ. ಅದು ಅವರ ಕೆಲಸ.

ನಿನ್ನ ಹಿತಕ್ಕೆ ಹೇಳುತ್ತಿದ್ದೇನೆ.

ಜಯತೀರ್ಥ


ಚಂದಾಪುರ
೨೧ ಜುಲೈ ೨೦೦೭, ಶನಿವಾರ

ಕಾಕಾ ಅವರಿಗೆ ನಮಸ್ಕಾರ.

ನಿಮ್ಮ ಉತ್ತರ ಇನ್ನೂ ಬಂದಿಲ್ಲ. ನೀವು ಹೋಗು ಅಂತಲೇ ಬರೆದಿರುತ್ತೀರಿ ಎಂದುಕೊಂಡು, ಕಾಯದೆ ಹೋಗಿಬಂದೆ.

ಗುರುವಾರ ಇವರು ರಜೆ ಹಾಕಿ ಬಂದರು. ಇಬ್ಬರೂ ಠಾಣೆಗೆ ಹೋದೆವು. ವರಾಂಡದ ಬೆಂಚಿನ ಮೇಲೆ ತಾಹಿರ್ ಕುಳಿತಿದ್ದ. ಗಡ್ಡ ಬೆಳೆದಿತ್ತು. ನನ್ನನ್ನು ಕಂಡವನೇ ಎದ್ದು ನಿಂತ.

"ಯಾಕ ಬಂದ್ರಿ ಅಕ್ಕೋರ? ನಾ ಹೇಳಿಲ್ರಿ. ನೀವು ಹೋಗ್ರಿ" ಎಂದು ಮೆಲ್ಲಗೆ ಹೇಳಿದ.

ಅವನ ಪಕ್ಕ ಆ ಬೆಂಚಿನ ಮೇಲೆಯೇ ಕುಳಿತೆ. ಒಳಗಿನಿಂದ ಕರೆ ಬರುವ ತನಕ ಏಳಲಿಲ್ಲ.

ಸಾಹೇಬರು ನಮ್ಮ ವಯಸ್ಸಿನವರೇ. ಗೀಚಿದ ಹೆಸರು ನನ್ನದು ಎಂದು ಮೊದಲು ಹೇಳಿದೆ. ಆಮೇಲೆ ಉಳಿದದ್ದು. ನಡುವೆ ಎರಡು ಸಲ ನೀರು ಕುಡಿದೆ. ಎಲ್ಲ ಮುಗಿದ ಮೇಲೆ ತಿಂಗಳಿನಿಂದ ಎದೆಯಲ್ಲಿದ್ದ ಪ್ರಶ್ನೆ ಕೇಳಿದೆ.

"ಅದನ್ನ ನೋಡಿದ್ದಕ್ಕ ನನ್ನ ಮ್ಯಾಲ ಕೇಸ್ ಆಗ್ತದೇನ್ರಿ?"

ಅವರು ಬರೆಯುವುದನ್ನು ನಿಲ್ಲಿಸಿ ನನ್ನನ್ನು ನೋಡಿದರು. "ಅಕ್ಕೋರ, ಅದನ್ನ ನಾನೂ ಇಪ್ಪತ್ತು ಸಲ ನೋಡೀನಿ. ಹೆಸರು ಗೀಚ್ಸಿದ್ದು ತಪ್ಪು, ಅದನ್ನ ಇದ್ದದ್ದು ಇದ್ದಂಗ ಬರಕೊಡ್ರಿ. ಮುಂದಿಂದು ಮುಂದ ನೋಡೋಣು" ಅಂದರು.

ನನಗೆ ಉಸಿರು ಬಂದ ಹಾಗಾಯಿತು. ಅಷ್ಟರಲ್ಲಿ ಅವರು ಇನ್ನೊಂದು ಮಾತು ಹೇಳಿದರು. ಸಿಟ್ಟಿನಿಂದಲ್ಲ, ಕಾಗದ ಹೊಂದಿಸಿಡುತ್ತ ಹೇಳಿದರು.

"ಒಂದು ತಿಂಗಳ ಮೊದಲ ಬರಬೇಕಿತ್ರಿ. ವಿಡಿಯೋ ಸಿಕ್ಕದ, ಅಂಗಡಿ ಸಿಕ್ಕದ. ಹುಡುಗಿ ಯಾರು, ಯಾವ ಊರಾಗ ಇದು ನಡದದ ಅಂತ ನಮಗ ಈ ಹೊತ್ತಿನ ತನಕ ಗೊತ್ತಿದ್ದಿಲ್ಲ. ಆಕಿ ಈಗ ಎಲ್ಲಿದ್ದಾಳೋ ಏನೋ."

ಕಾಕಾ, ಜೂನ್ ಒಂಬತ್ತರಿಂದ ನಾನು ನನಗೇನಾಗುತ್ತದೆ ಎಂಬುದನ್ನೇ ಎಣಿಸುತ್ತಿದ್ದೆ. ನಲವತ್ತು ದಿನ. ಆ ನಲವತ್ತು ದಿನವೂ ಜಗದೇವಿ ಆ ಅಂಗಳದಲ್ಲಿಯೇ ಇದ್ದಿರಬಹುದು ಎಂಬುದು ನನಗೆ ಹೊಳೆಯಲಿಲ್ಲವೆಂದಲ್ಲ. ಹೊಳೆದಾಗಲೆಲ್ಲ ಬೇರೆ ಕೆಲಸ ಹಚ್ಚಿಕೊಳ್ಳುತ್ತಿದ್ದೆ. ಮನೆ ತುಂಬ ಡಬ್ಬಿ ತಿಕ್ಕಿ ಇಟ್ಟಿದ್ದೇನೆ.

ತಾಹಿರನನ್ನು ಅಂದೇ ಮನೆಗೆ ಕಳಿಸಿದರು. ದಾರಿಯಲ್ಲಿ ಇವರು, "ಆಗಸ್ಟ್ ಒಂಬತ್ತಕ್ಕ ಏನಾಗ್ತದೋ ಆಗ್ಲಿ. ಬಸ್ಸಿನ ಅಭ್ಯಾಸ ನನಗದ" ಅಂದರು.

ನೀವು ಶಹಾಬಾದಿಗೆ ಹತ್ತಿರ ಇದ್ದೀರಿ. ಒಂದು ಸಲ ಹೋಗಿ ಪೀರಪ್ಪನನ್ನು ಕಾಣುತ್ತೀರಾ? ಖಣಿಯ ಕಡೆ ಕೇಳಿದರೆ ಹೇಳುತ್ತಾರೆ.

ಶುಭಾ


ಚಿತ್ತಾಪುರ
೨೯ ಜುಲೈ ೨೦೦೭

ಶುಭಾ,

ನನ್ನ ಇಪ್ಪತ್ತನೇ ತಾರೀಖಿನ ಕಾಗದ ನಿನಗೆ ಮಂಗಳವಾರ ಸಿಕ್ಕಿರಬೇಕು. ಅದನ್ನು ಹರಿದು ಒಲೆಗೆ ಹಾಕು. ನೀನು ಠಾಣೆಗೆ ಹೋದ ಮರುದಿನ ನಾನು ಇಲ್ಲಿ ಕುಳಿತು ಹೋಗಬೇಡ ಎಂದು ಬರೆಯುತ್ತಿದ್ದೆ.

ಯಾಕೆ ಹಾಗೆ ಬರೆದೆನೆಂದು ನನಗೆ ಗೊತ್ತು, ನಿನಗೂ ಗೊತ್ತಿರಲಿ. ೧೯೯೪ರಲ್ಲಿ ವಾಡಿ ಕಡೆಯ ಒಬ್ಬ ಹೆಣ್ಣುಮಗಳು ಊಟದ ಹೊತ್ತಿನಲ್ಲಿ ನನ್ನ ಮೇಜಿನ ಹತ್ತಿರ ಬಂದಿದ್ದಳು. ಪಕ್ಕದ ಮನೆಯ ಸೊಸೆ ಸುಟ್ಟುಕೊಂಡು ಸತ್ತದ್ದು ಅಪಘಾತವಲ್ಲ, ನಾ ಕಿಟಕಿಯಿಂದ ಕಂಡೀನಿ, ಹೇಳಬಹುದೇನ್ರಿ ಎಂದು ಕೇಳಿದಳು. ನನಗೆ ಹಸಿವಾಗಿತ್ತು. "ನಿಮಗ್ಯಾಕ ಬೇಕವ್ವ, ಮನಿಗೆ ಹೋಗ್ರಿ" ಅಂದೆ. ಒಳ್ಳೆಯ ಬುದ್ಧಿ ಹೇಳಿದೆನೆಂದೇ ತಿಳಿದಿದ್ದೆ. ಹೋದಳು. ಆ ಕಡತ ಮುಚ್ಚಿ ಹಗ್ಗ ಕಟ್ಟಿದ್ದು ನನ್ನ ಕೈಯೇ. ನಿನಗೂ ಅದೇ ಮಾತನ್ನು ಕಾನೂನಿನ ಬಟ್ಟೆ ತೊಡಿಸಿ ಹೇಳಿದೆ.

ಗುರುವಾರ ವಾಡಿಗೆ ಹೋಗಿ ಗಾಡಿ ಬದಲಿಸಿ ಶಹಾಬಾದಿಗೆ ಹೋದೆ. ಪೀರಪ್ಪ ಸಿಕ್ಕ. ಪೊಲೀಸರು ಭಾನುವಾರವೇ ಬಂದು ಹೋಗಿದ್ದರು. ಜಗದೇವಿ ಜೀವಂತ ಇದ್ದಾಳೆ. ಅದೇ ಮನೆಯಲ್ಲಿ, ಅದೇ ಅಂಗಳ ಗುಡಿಸಿಕೊಂಡು ಇದ್ದಳು. ಬಲಗೈಯ ಮೊಣಕೈ ಕೆಳಗೆ ಮೂಳೆ ಮುರಿದು, ಯಾರೂ ದವಾಖಾನೆಗೆ ಒಯ್ಯದೆ, ಸೊಟ್ಟಗೆ ಕೂಡಿಕೊಂಡಿದೆ. ಗುತ್ತೇದಾರನ ಹೆಂಡತಿಯ ಬೆಂಡೋಲೆ ಕಳೆದಿತ್ತಂತೆ, ಈಕೆಯೇ ಕದ್ದಳೆಂದು ಹೊಡೆದದ್ದು. ಅದನ್ನು ಮೊಬೈಲಿನಲ್ಲಿ ತೆಗೆದವನು ಗುತ್ತೇದಾರನ ಭಾವಮೈದುನ. ಚಂದಾಪುರದಲ್ಲಿ ಅವನ ಇನ್ನೊಬ್ಬ ಅಕ್ಕನ ಮನೆ ಇದೆ. ಗುತ್ತೇದಾರನನ್ನೂ ಅವನನ್ನೂ ಹಿಡಿದಿದ್ದಾರೆ. ಬಿಳಿ ಬೂಟು ಇನ್ನೂ ಕಾಲಲ್ಲೇ ಇತ್ತೆಂದು ಒಬ್ಬ ಕಾನ್‌ಸ್ಟೇಬಲ್ ಹೇಳಿದ.

ಪೀರಪ್ಪ ಕಲ್ಲಿನ ರಾಶಿಯ ಮೇಲೆ ಕುಳಿತು ಒಂದೇ ಮಾತು ಹೇಳುತ್ತಿದ್ದ. "ನನಗ ಗೊತ್ತೇ ಇದ್ದಿಲ್ರಿ ಸಾಹೇಬ್ರ. ಮನಿಗೆ ಕಳಸ್ರಿ ಅಂದ್ರ ಕೆಲಸ ಅದ, ಮುಂದಿನ ವಾರ ಅಂತಿದ್ರು. ನಾ ಎರಡು ಮೈಲಿದಾಗೇ ಇದ್ದೀನ್ರಿ." ಅವನ ಜೊತೆ ಚಹಾ ಕುಡಿದು ಬಂದೆ.

ಗುರುಲಿಂಗಯ್ಯನವರು ರಜಿಸ್ಟರಿನ ವಿಷಯ ತಾವು ನೋಡಿಕೊಳ್ಳುತ್ತೇನೆ ಅಂದಿದ್ದಾರೆ. ನೀನಾಗಿಯೇ ಹೋಗಿ ಹೇಳಿದ್ದು ಒಳ್ಳೆಯದಾಯಿತಂತೆ.

ಜಯತೀರ್ಥ


ಚಂದಾಪುರ
೩ ಡಿಸೆಂಬರ್ ೨೦೦೭

ಕಾಕಾ ಅವರಿಗೂ ಕಾಕುಗೂ ನಮಸ್ಕಾರ.

ನಾಲ್ಕು ತಿಂಗಳಾಯಿತು ಬರೆದು. ಬೇಸರವೇನೂ ಇರಲಿಲ್ಲ. ಠಾಣೆಯ ಹೇಳಿಕೆಗಳನ್ನು ಬರೆದು ಬರೆದು ಕಾಗದ ಎಂದರೆ ಸಾಕಾಗಿತ್ತು.

ಆಗಸ್ಟ್ ಒಂಬತ್ತರಂದೇ ನನ್ನನ್ನು ಶಹಾಬಾದಿಗೆ ಕರೆಸಿದ್ದರು, ಆ ಮನುಷ್ಯನನ್ನು ಗುರುತಿಸಲಿಕ್ಕೆ. ಕೌನ್ಸೆಲಿಂಗಿನಲ್ಲಿ ನನ್ನ ಹೆಸರು ಮೂರು ಸಲ ಕೂಗಿ ಮುಂದಿನವರನ್ನು ಕರೆದರಂತೆ. ಸೇಡಂ ಜಾಗ ಬೇರೆಯವರಿಗೆ ಹೋಯಿತು. ಮುಂದಿನ ವರ್ಷ ನೋಡಬೇಕು. ಸಾಲಿನಲ್ಲಿ ನಿಂತವರ ಪೈಕಿ ಅವನನ್ನು ಮುಖದಿಂದಲೇ ಗುರುತಿಸಿದೆ. ಆದರೂ ಎಲ್ಲರಿಂದಲೂ "ಕುಂದ್ರಿ ಅಕ್ಕೋರ" ಎಂದು ಹೇಳಿಸಿದರು. ಅವನು ಹೇಳಿದಾಗ ಇವನೇ ಎಂದು ಮತ್ತೊಮ್ಮೆ ಹೇಳಿದೆ.

ಚಂದಾಪುರದಲ್ಲಿ ಮಾತು ಆಗಿದೆ. ಅಕ್ಕೋರು ಏನೋ ನೋಡಿದರಂತೆ ಎಂದು ತರಕಾರಿ ಬಜಾರಿನಲ್ಲಿ ಹೆಂಗಸರು ನನ್ನನ್ನು ಕಂಡು ಮಾತು ನಿಲ್ಲಿಸುತ್ತಾರೆ. ಮೊದಲಿನಷ್ಟು ಚುಚ್ಚುವುದಿಲ್ಲ. ತಾಹಿರ್ ಅಂಗಡಿ ತೆರೆದಿದ್ದಾನೆ. ಗೀಚ್ಸಿದ್ದಕ್ಕ ನನ್ನನ್ನ ಕ್ಷಮಿಸಪ್ಪ ಅಂದರೆ, "ನೀವು ಬಂದ್ರಲ್ರಿ" ಅಂದು ಕಂಪ್ಯೂಟರ್ ಒರೆಸುತ್ತ ನಿಂತ. ಬಿಬಿಜಾನ್ ಮಾತ್ರ ಈಗಲೂ ನನ್ನೊಂದಿಗೆ ಹೆಚ್ಚು ಮಾತಾಡುವುದಿಲ್ಲ. ಅದು ಸರಿಯಾಗಿಯೇ ಇದೆ.

ಜಗದೇವಿಯನ್ನು ಹುಡುಗಿಯರ ಹಾಸ್ಟೆಲಿಗೆ ಸೇರಿಸಿದ್ದಾರೆ. ಹತ್ತನೇ ಇಯತ್ತೆಗೆ ಕೂತಿದ್ದಾಳೆ, ಎಡಗೈಯಿಂದ ಬರೆಯುವುದನ್ನು ಕಲಿಯುತ್ತಿದ್ದಾಳೆ. ನಾನು ಹೋದ ಭಾನುವಾರದ ತನಕ ಆಕೆಯನ್ನು ಕಾಣಲು ಹೋಗಿರಲಿಲ್ಲ. ಪೊಲೀಸರ ಮುಂದೆ ಕುಳಿತಷ್ಟು ಸುಲಭವಲ್ಲ ಅದು ಎಂದು ನನಗೆ ಗೊತ್ತಿತ್ತು. ಭಾನುವಾರ ಎರಡು ನೋಟ್‌ಬುಕ್ಕು, ಒಂದು ಸ್ವೆಟರು ತೆಗೆದುಕೊಂಡು ಹೋದೆ. ಅಂಗಳದಲ್ಲಿ ಚಾಪೆಯ ಮೇಲೆ ಕುಳಿತೆವು. ಶಾಲೆಯದು, ಗೆಳತಿಯರದು ಮಾತಾಡಿದಳು. ಆಮೇಲೆ ನೆಲ ನೋಡುತ್ತ ಕೇಳಿದಳು.

"ಅಕ್ಕೋರ, ಅದನ್ನ ನೀವು ಪೂರಾ ನೋಡೀರೇನ್ರಿ?"

ಇಲ್ಲವೆಂದು ಹೇಳಬೇಕೆನಿಸಿತು. ಸುಳ್ಳು ಬಾಯಿಯ ತನಕ ಬಂದಿತ್ತು.

"ನೋಡೀನವ್ವ. ಎರಡು ಸಲ" ಅಂದೆ.

ಆಕೆ ತಲೆ ಎತ್ತಿದಳು. ನಾನು ಕಣ್ಣು ತಪ್ಪಿಸಲಿಲ್ಲ.

"ಹಂಗಾದ್ರ ನಿಮಗ ಗೊತ್ತದ. ಅಷ್ಟು ಹೊಡದ್ರೂ ನಾ ಕದ್ದೀನಿ ಅಂತ ಅನಲಿಲ್ರಿ. ಕಡೀತನಾ ಅನಲಿಲ್ಲ. ಒಪ್ಪಿಕೊಂಡ್ಳು ಅಂತ ಊರಾಗೆಲ್ಲಾ ಹೇಳ್ಯಾರ ಅವರು. ನಮ್ಮಪ್ಪನೂ ನಂಬ್ಯಾನ. ಕೋರ್ಟಿನ್ಯಾಗ ಅದೊಂದು ಹೇಳ್ರಿ ಅಕ್ಕೋರ, ನೀವು ಕಂಡೀರಿ."

ಖರೇ ಕಾಕಾ. ಆಕೆ ಕಡೆಯ ತನಕ ಒಪ್ಪಿಕೊಂಡಿರಲಿಲ್ಲ.

ಜನವರಿ ಇಪ್ಪತ್ತೊಂದಕ್ಕೆ ಚಿತ್ತಾಪುರ ಕೋರ್ಟಿಗೆ ನನಗೆ ಸಮನ್ಸ್ ಬಂದಿದೆ. ಹಿಂದಿನ ದಿನ ಮಧ್ಯಾಹ್ನದ ಗಾಡಿಗೆ ಬಂದು ನಿಮ್ಮಲ್ಲಿ ಇರುತ್ತೇನೆ. ಪೀರಪ್ಪನೂ ಅಂದು ಕೋರ್ಟಿನಲ್ಲಿರುವಂತೆ ನೋಡಿಕೊಳ್ಳಿ. ನಾನು ಹೇಳುವುದು ಅವನ ಕಿವಿಗೆ ಬೀಳಬೇಕು.

ಶುಭಾ